ಕಬ್ಬಿನ ಹಾಲೋ, ಎಳನೀರೋ, ಮಜ್ಜಿಗೆಯೋ?

ಮಂಡ್ಯದ ಬಿಸಿಲಿನಲ್ಲಿ ಟೈಪ್ 2 ಮಧುಮೇಹದವರಿಗೆ ಮೊದಲು ಕಣ್ಣಿಗೆ ಬೀಳುವುದೇ ಕಬ್ಬಿನ ಹಾಲಿನ ಗಾಡಿ. 200 ಮಿಲಿ ಲೋಟದಲ್ಲಿ ಸುಮಾರು 25ರಿಂದ 30 ಗ್ರಾಂ ಸಕ್ಕರೆ, ಅಂದರೆ ಆರೇಳು ಚಮಚ. ನಾರೆಲ್ಲ ಸಿಪ್ಪೆಯಲ್ಲೇ ಉಳಿಯುವುದರಿಂದ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ. ಶುಂಠಿ, ನಿಂಬೆ ಹಿಂಡಿಸಿದರೆ ರುಚಿ ಬದಲಾದೀತು, ಲೆಕ್ಕವಲ್ಲ. ಬೆಲ್ಲದ ಪಾನಕಕ್ಕೂ ಇದೇ ಮಾತು. ‘ಬೆಲ್ಲ ತಾನೇ, ಏನಾಗಲ್ಲ’ ಅನ್ನುವವರ ಮಾತು ನಂಬಬೇಡಿ.

ಎಳನೀರು ನಡುವಿನದು: ಅದೇ ಅಳತೆಗೆ 5ರಿಂದ 10 ಗ್ರಾಂ. ಮದ್ದೂರಿನ ದೊಡ್ಡ ಕಾಯಾದರೆ ಅರ್ಧ ಸಾಕು, ಗಂಜಿ ಬಿಡಿ. ಮೂತ್ರಪಿಂಡದ ತೊಂದರೆ ಇದ್ದವರು ಅದರ ಪೊಟ್ಯಾಸಿಯಂ ಕಾರಣಕ್ಕೆ ವೈದ್ಯರನ್ನು ಕೇಳದೆ ಕುಡಿಯಬಾರದು.

ದಿನಾ ಕುಡಿಯಲು ಮಜ್ಜಿಗೆಯೇ ವಾಸಿ. 50 ಗ್ರಾಂ ಮೊಸರಿಗೆ 150 ಮಿಲಿ ನೀರು ಹಾಕಿ ಕಡೆದರೆ ಸಕ್ಕರೆ ಎರಡು ಮೂರು ಗ್ರಾಂ, ಅದೂ ಹಾಲಿನದ್ದೇ. ಜಜ್ಜಿದ ಶುಂಠಿ, ಕರಿಬೇವು, ಚೂರು ಇಂಗು ಹಾಕಿ; ಬಿಪಿ ಇದ್ದರೆ ಉಪ್ಪು ಚಿಟಿಕೆ ಮೀರದಿರಲಿ. ಅಂಗಡಿಯ ಲಸ್ಸಿ ಮಜ್ಜಿಗೆಯಲ್ಲ, ಅದರಲ್ಲಿ ಸಕ್ಕರೆ ಬೆರೆಸಿರುತ್ತಾರೆ.

ಹೋಟೆಲ್ ಕಾಫಿಗೆ ‘ಸಕ್ಕರೆ ಕಮ್ಮಿ’ ಅಂದರೂ ಒಂದು ಚಮಚ ಬಿದ್ದಿರುತ್ತದೆ. ‘ಸಕ್ಕರೆ ಹಾಕಲೇಬೇಡಿ’ ಅನ್ನಿ. ಟೀ ಹಂಡೆಯಲ್ಲೇ ಸಿಹಿಯಾಗಿದ್ದರೆ ಬೇಡ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರಿ, ಕೈ ನಡುಗಿ, ರಕ್ತದ ಸಕ್ಕರೆ 70ಕ್ಕಿಂತ (mg/dL) ಇಳಿದಾಗ ಮಾತ್ರ ಲೆಕ್ಕ ತಿರುಗುಮುರುಗು. ಆಗ ಮಜ್ಜಿಗೆ ಕೆಲಸಕ್ಕೆ ಬಾರದು: ಮೂರು ಚಮಚ ಸಕ್ಕರೆಯ ನೀರು ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಗಾಡಿಯ ಕಬ್ಬಿನ ಹಾಲು ಅರ್ಧ ಲೋಟ ಸಿಕ್ಕಿದರೂ ಆದೀತು.