ಫ್ರಾನ್ಸಿನ ಹಳ್ಳಿ ಟೂರ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ದೀಪಾವಳಿ ರಜೆಗೋ ಕ್ರಿಸ್‌ಮಸ್ ರಜೆಗೋ ಫ್ರಾನ್ಸಿನ ಹಳ್ಳಿಗಳನ್ನು ನೋಡಿ ಬರೋಣ ಅಂತ ಯಾರಾದರೂ ಓಡಾಡುತ್ತಿದ್ದರೆ ಈ ಬರಹ ಅವರಿಗೆ. ಜೊತೆಗೆ ವಯಸ್ಸಾದವರು ಇದ್ದರೆ, ಸಸ್ಯಾಹಾರಿಗಳಾಗಿದ್ದರೆ, ಕಾರಿಲ್ಲದೆ ರೈಲಿನಲ್ಲೇ ಸುತ್ತುವ ಯೋಚನೆ ಇದ್ದರೆ ಇನ್ನೂ ನಿಧಾನವಾಗಿ ಓದಿ.

ನಾವು ಹೋಗಿದ್ದು ನವೆಂಬರ್‌ನಲ್ಲಿ. ನಾನು, ನನ್ನ ಗಂಡ, ಅತ್ತೆ, ಮಾವ. ಪ್ಯಾರಿಸ್ ಮುಗಿಸಿಕೊಂಡು ನೈಋತ್ಯ ಫ್ರಾನ್ಸಿಗೆ, ಅಂದರೆ ದೊರ್ದೊನ್ ಮತ್ತು ಲೊಟ್ ನದಿಗಳ ಕಡೆಗೆ ಹೋಗುವ ಪ್ಲಾನ್. ಅದನ್ನು ಮಾಡಿಕೊಟ್ಟವರು ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟ್. ಹೆಸರು ಬರೆಯುವುದಿಲ್ಲ. ಬರೆದರೆ ಅವರನ್ನು ಬಿಟ್ಟು, ಇದೇ ಪ್ಲಾನನ್ನು ಇನ್ನೊಬ್ಬರ ಹತ್ತಿರ ಕೊಳ್ಳುತ್ತೀರಿ, ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ಹಳ್ಳಿಗಳದ್ದೇನೂ ತಪ್ಪಿಲ್ಲ. ಫೋಟೋದಲ್ಲಿ ಕಂಡಷ್ಟೇ ಚೆನ್ನಾಗಿವೆ. ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು ಅಂತ ಅಲ್ಲೊಂದು ಸಂಘವೇ ಇದೆ. 1982ರಲ್ಲಿ ಕೊಲಾಂಜ್-ಲಾ-ರೂಜ್ ಎಂಬ ಊರಿನ ಮೇಯರ್ ಶಾರ್ಲ್ ಸೆರಾಕ್ ಶುರು ಮಾಡಿದ್ದು. ಎರಡು ಸಾವಿರಕ್ಕಿಂತ ಜಾಸ್ತಿ ಜನ ಇರುವ ಊರನ್ನು ಸೇರಿಸುವುದೇ ಇಲ್ಲ. ಜೊತೆಗೆ ಕನಿಷ್ಠ ಎರಡಾದರೂ ಸಂರಕ್ಷಿತ ಕಟ್ಟಡಗಳೋ ತಾಣಗಳೋ ಇರಬೇಕು. ಏಜೆಂಟ್ ನಮಗೆ ಈ ಪಟ್ಟಿಯನ್ನೇ ತೋರಿಸಿ ಮರುಳು ಮಾಡಿದ್ದು. ಆದರೆ ಎರಡು ಸಾವಿರಕ್ಕಿಂತ ಕಡಿಮೆ ಜನ ಇರುವ ಊರು ಅಂದರೆ ಏನು ಅಂತ ಒಂದು ಕ್ಷಣ ಯೋಚಿಸಿ. ಆಟೋ ಸ್ಟ್ಯಾಂಡ್ ಇರುವುದಿಲ್ಲ. ಮೊಬೈಲ್ ಆ್ಯಪ್ ತೆರೆದರೆ ಒಂದು ಗಾಡಿಯೂ ಕಾಣುವುದಿಲ್ಲ. ಬಸ್ಸು ಇದ್ದರೂ ಅದು ಶಾಲೆ ಮಕ್ಕಳ ವೇಳೆಗೆ ಹೊಂದಿಸಿದ ಬಸ್ಸು. ರಜೆಯಲ್ಲಿ ಬೇರೆ ವೇಳಾಪಟ್ಟಿ, ಭಾನುವಾರ ಬಹಳ ಕಡೆ ಏನೂ ಇಲ್ಲ.

ನಮ್ಮನ್ನು ಏಜೆಂಟ್ ಕಳಿಸಿದ್ದು ಭಾನುವಾರವೇ.

ನಾವು ಮೊದಲು ಹೋಗಬೇಕಿದ್ದ ಹಳ್ಳಿ ರೊಕಾಮದೂರ್. ಪ್ಯಾರಿಸ್‌ನ ಓಸ್ತರ್ಲಿಟ್ಜ್ ನಿಲ್ದಾಣದಿಂದ ಬ್ರೀವ್ ಪಟ್ಟಣದವರೆಗೆ ನಾಲ್ಕೈದು ಗಂಟೆ. ಅಲ್ಲಿ ಇಳಿದು ಸಣ್ಣ ರೈಲು ಹತ್ತಿದರೆ ರೊಕಾಮದೂರ್-ಪಾದಿರಾಕ್ ಎಂಬ ಸ್ಟೇಷನ್. ಟಿಕೆಟ್ ಮೇಲೆ ರೊಕಾಮದೂರ್ ಅಂತಲೇ ಇದೆ, ಪ್ಲಾನ್‌ನಲ್ಲಿ ‘ಸ್ಟೇಷನ್‌ನಿಂದ ಹತ್ತು ನಿಮಿಷ’ ಅಂತಲೂ ಬರೆದಿತ್ತು. ಹತ್ತು ನಿಮಿಷ ನಿಜ, ಕಾರಿದ್ದರೆ. ಸ್ಟೇಷನ್ ಇರುವುದು ಊರಿನಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದ ಬಯಲಲ್ಲಿ. ಇನ್ನೊಂದು ಹೆಸರು ಇದೆಯಲ್ಲ, ಪಾದಿರಾಕ್, ಅದು ಇನ್ನೂ ದೂರ. ರೈಲು ನಮ್ಮನ್ನು ಇಳಿಸಿ ಹೊರಟುಹೋಯಿತು. ಪ್ಲಾಟ್‌ಫಾರ್ಮ್ ಮೇಲೆ ನಾವು ನಾಲ್ವರು, ನಮ್ಮ ಸೂಟ್‌ಕೇಸುಗಳು. ಟಿಕೆಟ್ ಕೌಂಟರ್ ಇಲ್ಲ, ಅಂಗಡಿ ಇಲ್ಲ, ಕೇಳೋಣ ಅಂದರೆ ಒಬ್ಬ ಮನುಷ್ಯ ಇಲ್ಲ. "ಏನೋ, ಊರೆಲ್ಲಿ?" ಅಂದರು ಅತ್ತೆ. ಇವರು ಫೋನ್ ಹಿಡಿದುಕೊಂಡು ಆ ಕಡೆ ಈ ಕಡೆ ತಿರುಗುತ್ತಿದ್ದರು.

ಹೋಟೆಲಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಆಮೇಲೆ ಗೊತ್ತಾಯಿತು, ಇಂಥ ಸಣ್ಣ ಹೋಟೆಲುಗಳಲ್ಲಿ ಮಧ್ಯಾಹ್ನವೆಲ್ಲ ರಿಸೆಪ್ಶನ್ ಮುಚ್ಚಿರುತ್ತದೆ. ಸಂಜೆ ಐದಕ್ಕೆ ತೆರೆಯುತ್ತಾರೆ. ಟ್ಯಾಕ್ಸಿಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಹಿಂದಿನ ದಿನವೇ ಹೇಳಬೇಕಿತ್ತು ಅಂದರು ಒಬ್ಬರು. ಕೊನೆಗೆ ಪಕ್ಕದ ಗ್ರಾಮಾ ಪಟ್ಟಣದಿಂದ ಒಬ್ಬ ಮಹಾರಾಯ ಬರಲು ಒಪ್ಪಿದ. ಅವನು ಬರುವಷ್ಟರಲ್ಲಿ ಮಾವ ಸೂಟ್‌ಕೇಸ್ ಮೇಲೇ ಕುಳಿತು ಶಾಲು ಹೊದ್ದುಕೊಂಡಿದ್ದರು. ಮೀಟರ್ ನೋಡಿ ನಮಗೆ ಎದೆ ಧಸಕ್ ಎಂದಿತು. ಆದರೆ ಅದು ಮೋಸವಲ್ಲ. ಫ್ರಾನ್ಸಿನ ಹಳ್ಳಿ ಕಡೆ ಟ್ಯಾಕ್ಸಿಗೆ ಭಾನುವಾರಕ್ಕೆ ಬೇರೆ ದರ. ವಾಪಸ್ ಖಾಲಿ ಹೋಗಬೇಕಾದರೆ ಅದಕ್ಕೂ ಸೇರಿಸಿದ ದರ. ಎಲ್ಲ ಕಾನೂನು ಪ್ರಕಾರವೇ. ಪಾಪ, ಆತ ಲಗೇಜನ್ನೂ ತಾನೇ ಎತ್ತಿಟ್ಟ.

ರೊಕಾಮದೂರ್ ಬಗ್ಗೆ ಇನ್ನೊಂದು ಸಂಗತಿಯನ್ನು ನಮ್ಮ ಏಜೆಂಟ್ ಹೇಳಿರಲಿಲ್ಲ. ಅದು ಬಂಡೆಗೆ ಅಂಟಿಸಿದಂತಿರುವ ಊರು. ಕೆಳಗೆ ಒಂದೇ ಬೀದಿ. ಅದರ ಮೇಲೆ ಯಾತ್ರಿಕರು ಬರುವ ಚರ್ಚುಗಳು, ಮರದಲ್ಲಿ ಕಡೆದ ಕಪ್ಪು ಮೇರಿಯ ವಿಗ್ರಹ. ಅದಕ್ಕೂ ಮೇಲೆ, ತುದಿಯಲ್ಲಿ ಕೋಟೆ. ಬೀದಿಯಿಂದ ಚರ್ಚುಗಳಿಗೆ 216 ಮೆಟ್ಟಿಲು. ಹಿಂದೆ ಭಕ್ತರು ಇದನ್ನು ಮಂಡಿಯೂರಿಕೊಂಡೇ ಹತ್ತುತ್ತಿದ್ದರಂತೆ. ಲಿಫ್ಟ್ ಇದೆ, ಟಿಕೆಟ್ ತೆಗೆದುಕೊಳ್ಳಬೇಕು. ಆದರೆ ಚಳಿಗಾಲದಲ್ಲಿ ಅದು ಓಡುವ ಹೊತ್ತು ಕಡಿಮೆ. ನಾವು ಹೋದಾಗ ನಿಂತಿತ್ತು. ಮಾವನ ಮಂಡಿ ನೋವಿನ ವಿಷಯವನ್ನು ಬುಕ್ ಮಾಡುವಾಗಲೇ ಏಜೆಂಟ್‌ಗೆ ಬರೆದು ಕೊಟ್ಟಿದ್ದೆವು. ಮಾವ ಕೆಳಗಿನ ಬೀದಿಯಲ್ಲೇ ಉಳಿದರು. ಅತ್ತೆ ಮಾತ್ರ "ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳು ನಾನು, ಇದ್ಯಾವ ಲೆಕ್ಕ" ಅಂತ ನನಗಿಂತ ಮುಂಚೆ ಮೇಲೆ ಹೋಗಿ ನಿಂತಿದ್ದರು. ಆ ಚರ್ಚು ನಿಜಕ್ಕೂ ನೋಡುವಂಥದ್ದು. ಅದಕ್ಕೇ ಹೊಟ್ಟೆ ಉರಿಯುವುದು. ಮಾವನೂ ನೋಡಬಹುದಿತ್ತು, ತಿಂಗಳು ಸರಿಯಾಗಿದ್ದಿದ್ದರೆ.

ತಿಂಗಳ ಮಾತು ಬಂತಲ್ಲ. ನವೆಂಬರ್ 1 ಅಲ್ಲಿ ಸಂತರ ಹಬ್ಬ, ಸಾರ್ವಜನಿಕ ರಜೆ. ಅದು ಮುಗಿದ ಮೇಲೆ ಈ ಕಡೆಯ ಊರುಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತವೆ. ರೆಸ್ಟೋರೆಂಟ್, ಅಂಗಡಿ, ಹೋಟೆಲ್ ಎಲ್ಲದಕ್ಕೂ ಒಂದು ವಾರ್ಷಿಕ ರಜೆ ಇರುತ್ತದೆ. ಪಾದಿರಾಕ್‌ನಲ್ಲಿ ಒಂದು ದೊಡ್ಡ ನೆಲಗುಹೆ ಇದೆ. ನೆಲದಿಂದ 103 ಮೀಟರ್ ಕೆಳಗಿಳಿದು, ಭೂಮಿಯೊಳಗಿನ ನದಿಯಲ್ಲಿ ದೋಣಿಯಲ್ಲಿ ಹೋಗಬಹುದು. 1889ರಲ್ಲಿ ಮಾರ್ತೆಲ್ ಎಂಬಾತ ಇಳಿದು ನೋಡಿದ ಗುಹೆ. ನಮ್ಮ ಪ್ಲಾನ್‌ನ ದೊಡ್ಡ ಆಕರ್ಷಣೆ ಇದೇ. ನವೆಂಬರ್‌ನಲ್ಲಿ ಅದು ಮುಚ್ಚಿದರೆ ಮತ್ತೆ ತೆರೆಯುವುದು ವಸಂತದ ಹೊತ್ತಿಗೆ. ಗೇಟಿಗೆ ಬೀಗ ಇತ್ತು. ‘ಪ್ರವೇಶ ಶುಲ್ಕ ಸೇರಿದೆ’ ಅಂತ ಪ್ಯಾಕೇಜ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ. ಇನ್ನು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹಾಕುತ್ತಾರೆ. ಹಾಗಾಗಿ ಸಂಜೆ ಆರಕ್ಕೆಲ್ಲ ಕತ್ತಲು. ಹಳ್ಳಿ ನೋಡುವ ಹೊತ್ತೇ ಅರ್ಧ ದಿನಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ.

ಈಗ ಊಟ. ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು.

ಮೊದಲನೆಯದು ವೇಳೆ. ಮಧ್ಯಾಹ್ನ ಹನ್ನೆರಡರಿಂದ ಎರಡು. ಎರಡೂಕಾಲಿಗೆ ಹೋದರೆ ಬಾಗಿಲು ತೆರೆದಿರುತ್ತದೆ, ಜನ ಕಾಫಿ ಕುಡಿಯುತ್ತಿರುತ್ತಾರೆ, ಆದರೆ ಅಡುಗೆಮನೆ ಮುಚ್ಚಿದೆ ಅನ್ನುತ್ತಾರೆ. ಬೇಡಿಕೊಂಡರೂ ಅಷ್ಟೇ. ಮತ್ತೆ ಒಲೆ ಹಚ್ಚುವುದು ಸಂಜೆ ಏಳಕ್ಕೋ ಏಳೂವರೆಗೋ. ಭಾನುವಾರ ರಾತ್ರಿ, ಸೋಮವಾರ ಬಹಳಷ್ಟು ಕಡೆ ರಜೆ. ಭಾನುವಾರ ಸೂಪರ್‌ಮಾರ್ಕೆಟ್ ತೆರೆದರೂ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ನಾವು ಆ ಭಾನುವಾರ ರಾತ್ರಿ ತಿಂದಿದ್ದು ಬೆಂಗಳೂರಿನಿಂದ ಒಯ್ದಿದ್ದ ಚಪಾತಿ, ಚಟ್ನಿಪುಡಿ. ಬ್ಯಾಗಿನಲ್ಲಿ ಅವಲಕ್ಕಿ ಪೊಟ್ಟಣ ತುಂಬಿದ್ದಕ್ಕೆ ಇವರು ನನ್ನನ್ನು ಎಷ್ಟು ಆಡಿಕೊಂಡಿದ್ದರು! ಮಾರನೇ ದಿನ ಮೊದಲು ಕೈ ಹಾಕಿದ್ದು ಅವರೇ.

ಎರಡನೆಯದು ಬಾತುಕೋಳಿ. ಈ ಸೀಮೆಯ ಅಡುಗೆ ನಿಂತಿರುವುದೇ ಅದರ ಮೇಲೆ. ಮಾಂಸ ಬಿಡಿ, ಅದು ಕಣ್ಣಿಗೆ ಕಾಣುತ್ತದೆ, ಬೇಡ ಅನ್ನಬಹುದು. ಕಾಣದೇ ಇರುವುದು ಕೊಬ್ಬು. ಪೊಮ್ ಸಾರ್ಲಾದೇಸ್ ಅಂತ ಒಂದು ಆಲೂಗಡ್ಡೆ ಪಲ್ಯ ಸಿಗುತ್ತದೆ. ಬೆಳ್ಳುಳ್ಳಿ, ಕೊತ್ತಂಬರಿಯಂಥ ಸೊಪ್ಪು ಹಾಕಿ ಗರಿಗರಿಯಾಗಿ ಹುರಿದದ್ದು. ಘಮಘಮ ಅನ್ನುತ್ತದೆ. ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಏಜೆಂಟ್ ಕೊಟ್ಟ ‘ಸಸ್ಯಾಹಾರಿ ಗೈಡ್’ ಹಾಳೆಯಲ್ಲಿ ಇದೇ ಮೊದಲನೇ ಹೆಸರು! ಅತ್ತೆ ತಟ್ಟೆ ಮುಂದೆ ಎಳೆದುಕೊಂಡಿದ್ದರು. ಬಡಿಸುವ ಹುಡುಗಿಗೇ ಏನೋ ಅನುಮಾನ ಬಂದು, ಕೈಯಲ್ಲಿ ರೆಕ್ಕೆ ಬಡಿದು ತೋರಿಸಿ ‘ಕ್ವಾಕ್ ಕ್ವಾಕ್’ ಅಂದಳು. ಆ ಹುಡುಗಿ ನೂರು ಕಾಲ ಬಾಳಲಿ. ಅತ್ತೆ ಆಮೇಲೆ ಅಲ್ಲಿ ಬ್ರೆಡ್ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಸಲಾಡ್ ಅಂದರೂ ಎಚ್ಚರ. ಎಲೆಗಳ ಅಡಿಯಲ್ಲಿ ಹಂದಿಮಾಂಸದ ಸಣ್ಣ ತುಂಡುಗಳೋ ಕೋಳಿಯ ಒಳ ಅಂಗವೋ ಇರುತ್ತದೆ. ರೊಕಾಮದೂರ್ ಹೆಸರಿನದೇ ಒಂದು ಪುಟ್ಟ ಮೇಕೆ ಹಾಲಿನ ಚೀಸ್ ಇದೆ, ಟೋಸ್ಟ್ ಮೇಲೆ ಬಿಸಿ ಮಾಡಿ ಕೊಡುತ್ತಾರೆ, ಜೊತೆಗೆ ಅಕ್ರೋಟು. ನನಗಂತೂ ಬಹಳ ಹಿಡಿಸಿತು. ಆದರೆ ಇಂಥ ಚೀಸ್‌ಗೆ ಹಾಲು ಒಡೆಯಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದನ್ನು ನೋಡುವವರು ಗಮನಿಸಿ. ಆಮ್ಲೆಟ್ ತಿನ್ನುವವರು ಬದುಕಿಕೊಳ್ಳುತ್ತಾರೆ. ಮೊಟ್ಟೆಯೂ ಬೇಡ ಅನ್ನುವವರು ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಅಲ್ಲಿ ಅದನ್ನು ಜೀತ್ ಅನ್ನುತ್ತಾರೆ. ಬೇಸಿಗೆಯಲ್ಲಿ ಶನಿವಾರದಿಂದ ಶನಿವಾರಕ್ಕೆ, ಇಡೀ ವಾರಕ್ಕೇ ಕೊಡುವವರು ಜಾಸ್ತಿ. ಹಾಸಿಗೆ ಬಟ್ಟೆ, ಟವೆಲ್, ಕೊನೆಯಲ್ಲಿ ಮನೆ ಗುಡಿಸಿ ಒರೆಸುವುದು, ಇವೆಲ್ಲ ಬಾಡಿಗೆಯಲ್ಲಿ ಸೇರಿವೆಯಾ ಕೇಳಿಕೊಳ್ಳಿ. ಹಲವು ಕಡೆ ಸೇರಿರುವುದಿಲ್ಲ.

ಕಾರಿನ ಕಥೆ ಇದಕ್ಕಿಂತ ಕಹಿ. ಬ್ರೀವ್‌ಗೆ ವಾಪಸ್ ಬಂದು ಅಲ್ಲಿಂದ ಕಾರು ತೆಗೆದುಕೊಂಡು ಕೊಲಾಂಜ್, ಸಾರ್ಲಾ ಕಡೆ ಹೋಗಬೇಕಿತ್ತು. ‘ಪೂರ್ತಿ ದುಡ್ಡು ಕಟ್ಟಿದೆ, ಕೀ ತಗೊಂಡ್ರೆ ಆಯ್ತು’ ಅಂದಿದ್ದರು ಏಜೆಂಟ್. ಬಾಡಿಗೆ ಕಚೇರಿ ಹನ್ನೆರಡರಿಂದ ಎರಡರವರೆಗೆ ಊಟಕ್ಕೆ ಮುಚ್ಚಿತ್ತು. ಕಾದೆವು. ತೆರೆದ ಮೇಲೆ ವೋಚರ್ ನೋಡಿದರೆ, ಓಡಿಸುವವರ ಹೆಸರು ಮಾವನದು! ಗುಂಪಿನಲ್ಲಿ ಹಿರಿಯರು ಅಂತ ಏಜೆಂಟ್ ಎಲ್ಲ ಬುಕಿಂಗನ್ನೂ ಅವರ ಹೆಸರಿನಲ್ಲೇ ಮಾಡಿದ್ದರು. ಅಂತರರಾಷ್ಟ್ರೀಯ ಪರವಾನಗಿ ಇರುವುದು ನನ್ನ ಗಂಡನ ಹೆಸರಿನಲ್ಲಿ. ಠೇವಣಿಗೆ ಓಡಿಸುವವರದೇ ಹೆಸರಿನ ಕ್ರೆಡಿಟ್ ಕಾರ್ಡ್ ಬೇಕು. ಏಜೆಂಟ್ ಮಾಡಿಸಿಕೊಟ್ಟಿದ್ದ, ಮೊದಲೇ ವಿದೇಶಿ ಹಣ ತುಂಬಿಸಿಡುವ ಫಾರೆಕ್ಸ್ ಕಾರ್ಡನ್ನು ಅವರು ಕೈಯಲ್ಲೂ ಮುಟ್ಟಲಿಲ್ಲ. ಹೆಸರು ಬದಲಿಸಿ ಅಂದರೆ, ಬುಕ್ ಮಾಡಿದವರೇ ಮಾಡಬೇಕು ಅಂದರು. ಬೆಂಗಳೂರಿನಲ್ಲಿ ಆಗ ಸಂಜೆ ಆರೂವರೆ ದಾಟಿತ್ತು, ಏಜೆಂಟ್ ಫೋನ್ ಎತ್ತಲಿಲ್ಲ. ಕೊನೆಗೆ ಆ ದುಡ್ಡು ಬಿಟ್ಟು, ಇವರ ಕಾರ್ಡಿನಲ್ಲಿ ಹೊಸದಾಗಿ ಇನ್ನೊಂದು ಕಾರು ತೆಗೆದುಕೊಂಡೆವು. ಗೇರ್ ಕಾರೇ ಸಿಕ್ಕಿದ್ದು. ಆಟೋಮ್ಯಾಟಿಕ್ ಬೇಕಿದ್ದರೆ ಮುಂಚೆಯೇ ಹೇಳಿಡಬೇಕು, ಬೆಲೆಯೂ ಜಾಸ್ತಿ.

ಕಾರು ಬಂದ ಮೇಲೆ ಪ್ರವಾಸ ಶುರುವಾಯಿತು ಅನ್ನಿ. ಕೊಲಾಂಜ್ ಪೂರ್ತಿ ಕೆಂಪು ಮರಳುಗಲ್ಲಿನ ಊರು, ಸಂಜೆ ಬಿಸಿಲಿಗೆ ನೋಡಬೇಕು. ಸಾರ್ಲಾದ ದೊಡ್ಡ ಸಂತೆ ಬುಧವಾರ ಮತ್ತು ಶನಿವಾರ. ನಮ್ಮ ಪ್ಲಾನ್‌ನಲ್ಲಿ ‘ಸಾರ್ಲಾ ಸಂತೆ’ ಅಂತ ಬರೆದಿದ್ದು ಗುರುವಾರಕ್ಕೆ. ಲೊಟ್ ನದಿ ಮೇಲಿನ ಸ್ಯಾಂ-ಸಿರ್-ಲಾಪೊಪಿಗೆ ‘ಕಾವೋರ್‌ನಿಂದ ಬಸ್’ ಅಂತ ಬರೆದಿತ್ತು. ಬಸ್ಸು ನಿಲ್ಲುವುದು ಕೆಳಗೆ, ನದಿಯ ಆಚೆ ದಡದ ತೂರ್-ದ-ಫೋರ್‌ನಲ್ಲಿ. ಊರಿರುವುದು ನದಿಯಿಂದ ನೂರು ಮೀಟರ್ ಎತ್ತರದ ಬಂಡೆ ಮೇಲೆ. ಸೇತುವೆ ದಾಟಿ ಏರು ದಾರಿಯಲ್ಲಿ ನಡೆಯಬೇಕು. ಪುಣ್ಯಕ್ಕೆ ಅಷ್ಟರಲ್ಲಿ ನಮಗೆ ಕಾರಿತ್ತು.

ಓಡಿಸುವವರಿಗೆ ಎರಡು ಮಾತು. ಬಲಗಡೆಯ ಸಣ್ಣ ಓಣಿಯಿಂದ ಬರುವ ಗಾಡಿಗೂ, ಬೋರ್ಡು ಇಲ್ಲದ ಕಡೆ, ನೀವೇ ನಿಂತು ದಾರಿ ಬಿಡಬೇಕು. ಊರಿನ ಹೆಸರಿನ ಬೋರ್ಡು ಕಂಡಿತು ಅಂದರೆ ಅಲ್ಲಿಂದಲೇ ವೇಗ 50ಕ್ಕೆ ಇಳಿಯಬೇಕು, ಬೇರೆ ಬೋರ್ಡು ಹಾಕಿರುವುದಿಲ್ಲ. ಹಳ್ಳಿ ರಸ್ತೆಗೆ 2018ರಿಂದ ಮಿತಿ 80, ಕೆಲವು ಜಿಲ್ಲೆಗಳು ಮತ್ತೆ 90 ಮಾಡಿಕೊಂಡಿವೆ. ಕ್ಯಾಮೆರಾಗೆ ಸಿಕ್ಕರೆ ದಂಡದ ಜೊತೆ ಬಾಡಿಗೆ ಕಂಪನಿಯವರೂ ತಮ್ಮ ಶುಲ್ಕ ಸೇರಿಸುತ್ತಾರೆ.

ವಾಪಸ್ ಬಂದು ಏಜೆಂಟ್‌ಗೆ ಎಲ್ಲವನ್ನೂ ಬರೆದೆ. ‘ಸ್ಥಳೀಯ ಪರಿಸ್ಥಿತಿಗೆ ನಾವು ಜವಾಬ್ದಾರರಲ್ಲ’ ಅಂತ ಉತ್ತರ ಬಂತು. ಭಾನುವಾರ ಅನ್ನುವುದು ಯಾವ ಸೀಮೆಯ ಸ್ಥಳೀಯ ಪರಿಸ್ಥಿತಿ ಸ್ವಾಮೀ? ಮುಂದಿನ ಟೂರ್‌ಗೆ ಡಿಸ್ಕೌಂಟ್ ಕೂಪನ್ ಕೊಡುತ್ತಾರಂತೆ. ತೆಗೆದುಕೊಂಡಿಲ್ಲ. ಕಾರು ಮತ್ತು ಗುಹೆಯ ದುಡ್ಡು ವಾಪಸ್ ಕೊಡಿ ಅಂತ ಗ್ರಾಹಕರ ಆಯೋಗಕ್ಕೆ ಹೋಗುವ ಯೋಚನೆ ಇದೆ. ಅದಕ್ಕೇ ಎಲ್ಲ ಕಾಗದ, ಮೆಸೇಜ್ ಜೋಪಾನವಾಗಿ ಇಟ್ಟಿದ್ದೇನೆ. ನೀವೂ ಏಜೆಂಟ್ ಬಾಯಲ್ಲಿ ಹೇಳಿದ್ದನ್ನೆಲ್ಲ ಬರಹದಲ್ಲಿ ತೆಗೆದುಕೊಳ್ಳಿ.

ಏಜೆಂಟ್ ಮೂಲಕವೇ ಹೋಗುವುದಾದರೆ, ಪ್ರತಿ ಊರಿಗೂ ಸ್ಟೇಷನ್ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ ಯಾವ ಗಾಡಿ, ಯಾರು ಬುಕ್ ಮಾಡಿದ್ದಾರೆ ಅಂತ ಕೇಳಿ. ವಾರದ ಯಾವ ದಿನ ಎಲ್ಲಿರುತ್ತೀರಿ ಅಂತ ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಭಾನುವಾರ, ಸೋಮವಾರ ದೊಡ್ಡ ಊರಿನಲ್ಲೇ ಇರಿ. ಕಾರು ಓಡಿಸದವರು ಹಳ್ಳಿಯಲ್ಲಿ ತಂಗಲೇಬೇಡಿ. ಬ್ರೀವ್, ಸಾರ್ಲಾ ಅಥವಾ ಕಾವೋರ್‌ನಲ್ಲಿ ಉಳಿದುಕೊಂಡು, ಮುಂಚೆಯೇ ಗೊತ್ತು ಮಾಡಿದ ಟ್ಯಾಕ್ಸಿಯಲ್ಲಿ ದಿನಕ್ಕೊಂದು ಊರು ನೋಡಿ. ದಸರಾ ರಜೆ ಅಕ್ಟೋಬರ್ ಮೊದಲ ವಾರದಲ್ಲಿ ಬಿದ್ದರೆ ಒಳ್ಳೆಯದು, ಗುಹೆ, ಲಿಫ್ಟ್ ಎಲ್ಲ ನಡೆಯುತ್ತಿರುತ್ತವೆ. ಶಾಲೆಯ ಹಂಗಿಲ್ಲದವರಿಗೆ ಜೂನ್ ಅಥವಾ ಸೆಪ್ಟೆಂಬರ್ ಇನ್ನೂ ಚೆನ್ನ. ದೀಪಾವಳಿಗೆ ಮಾತ್ರ ಬೇಡ.