ಮಕ್ಕಳ ಪುಸ್ತಕದ ಹಬ್ಬವೋ, ಕೋರ್ಸೋ?

ಮಕ್ಕಳಿಗೆ ಪುಸ್ತಕದ ರುಚಿ ಹತ್ತಿಸಬೇಕು ಅಂತ ಹೊರಟಿದ್ದೀರಿ. ರಜೆ, ದುಡ್ಡು ಎರಡೂ ಕಡಿಮೆ ಇದ್ದರೆ ಯಾವುದಕ್ಕೆ ಹೋಗುವುದು?

ಮಕ್ಕಳ ಪುಸ್ತಕಗಳ ಹಬ್ಬವಾದ ಬುಕಾರೂ ಉತ್ಸವ 2008ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಲೇಖಕರು, ಚಿತ್ರಕಾರರು ಮಕ್ಕಳ ಜೊತೆ ಕೂತು ಕಥೆ ಹೇಳುತ್ತಾರೆ, ಚಿತ್ರ ಬಿಡಿಸುತ್ತಾರೆ. ಹೊಸ ಪುಸ್ತಕ, ಹೊಸ ಪರಿಚಯ, ಹುರುಪು ಎಲ್ಲಾ ಜಾಸ್ತಿ. ಆದರೆ ಅದು ಮಕ್ಕಳ ಹಬ್ಬ, ದೊಡ್ಡವರ ತರಬೇತಿ ಅಲ್ಲ.

ಟಾಟಾ ಟ್ರಸ್ಟ್ಸ್‌ನ ಮಕ್ಕಳ ಸಾಹಿತ್ಯದ ಯೋಜನೆಯಾದ ಪರಾಗ್ ನಡೆಸುವ ಲೈಬ್ರರಿ ಎಜುಕೇಟರ್ಸ್ ಕೋರ್ಸ್, ಅಂದರೆ ಮಕ್ಕಳ ಲೈಬ್ರರಿ ನಡೆಸುವವರ ತರಬೇತಿ, ಬೇರೆ ಥರ. ಅದು ತಿಂಗಳುಗಟ್ಟಲೆ ನಡೆಯುತ್ತದೆ. ಕೆಲವು ದಿನ ಎದುರುಬದುರು ಕೂತು ಕಲಿಕೆ, ಉಳಿದಂತೆ ದೂರದಿಂದಲೇ ಓದು. ಕಥೆ ಓದುವಾಗ ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿಯುವುದು, ಪುಟ ಮಗುಚುವ ಮುಂಚೆ ‘ಮುಂದೇನಾಗಬಹುದು?’ ಅಂತ ಕೇಳಿ ಸುಮ್ನೆ ಕಾಯುವುದು, ಇವೆಲ್ಲ ಮಾಡಿ ಮಾಡಿಯೇ ಬರಬೇಕು, ಅಲ್ವಾ? ಕೋರ್ಸ್ ಹಿಂದಿ, ಇಂಗ್ಲಿಷಿನಲ್ಲಿ ನಡೆದುಬಂದಿದೆ. ಭಾಷೆ ಯಾವುದೆಂದು ಕೇಳಿಕೊಂಡೇ ಅರ್ಜಿ ಹಾಕಿ.

ಅಪ್ಪ ಅಮ್ಮಂದಿರಿಗೆ ಹಬ್ಬ ಸಾಕು. ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವರು, ಶಾಲೆಯ ಮೇಷ್ಟ್ರು ಕೋರ್ಸಿಗೇ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡೂ ಆಗಲ್ಲವೇ? ಸೆಪ್ಟೆಂಬರ್ 8ರ ಸಾಕ್ಷರತಾ ದಿನಕ್ಕೆ ಬೆಂಗಳೂರಿನ ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್, ಸ್ವಯಂಸೇವಕರು ಮಕ್ಕಳಿಗೆ ಕಥೆ ಓದಿ ಹೇಳುವ ‘ಒಂದು ದಿನ ಒಂದು ಕಥೆ’ ಅಭಿಯಾನ ನಡೆಸುತ್ತಾ ಬಂದಿದೆ. ಅಲ್ಲಿಂದ ಶುರು ಮಾಡಿ.