ಭತ್ತದ ಪಟ್ಟಿಯ ಮ್ಯಾಕ್ರೋಗೆ ಎಕ್ಸೆಲ್, ಲಿಬ್ರೆಆಫೀಸ್, ಗೂಗಲ್ ಶೀಟ್ಸ್: ತಪ್ಪು ವೇರಿಯಬಲ್ಲನ್ನು ಯಾವುದು ಬೇಗ ಹಿಡಿಯುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಕ್ಸೆಲ್‌ಗೆ. ದುಡ್ಡು ಕೊಟ್ಟು ಅದರ ಲೈಸೆನ್ಸ್ ತೆಗೆದುಕೊಂಡಿದ್ದಕ್ಕೆ ಕಾರಣ ಒಂದೇ. ಹೆಸರು ತಪ್ಪಿದ ವೇರಿಯಬಲ್ಲನ್ನು, ಅಂದರೆ ಲೆಕ್ಕದ ಅಂಕಿಯನ್ನು ಹೆಸರಿಟ್ಟು ಇಡುವ ಡಬ್ಬಿಯನ್ನು, ಅದರ ಮ್ಯಾಕ್ರೋ ಎಡಿಟರ್ (ಮ್ಯಾಕ್ರೋ ಅಂದರೆ ಬಟನ್ ಒತ್ತಿದರೆ ಓಡುವ ಸಣ್ಣ ಪ್ರೋಗ್ರಾಂ) ಕೋಡ್ ಓಡುವ ಮೊದಲೇ ಹಿಡಿದು ನಿಲ್ಲಿಸುತ್ತದೆ. ಹಾಗೆ ನಿಲ್ಲಿಸು ಅಂತ ನಾವು ಅದಕ್ಕೆ ಹೇಳಿರಬೇಕು, ಅಷ್ಟೇ. ಹೇಳದಿದ್ದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಅಂಗಡಿ ನೋಡಿದೆ.

ಗಂಗಾವತಿಯಲ್ಲಿ ಭತ್ತದ ದಲ್ಲಾಳಿ ಅಂಗಡಿಯೊಂದರ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬೆಳೆದ ಭತ್ತ ಸುಗ್ಗಿ ಬಂತೆಂದರೆ ಒಮ್ಮೆಲೇ ಬಂದು ಬೀಳುತ್ತದೆ. ಒಬ್ಬೊಬ್ಬ ರೈತರಿಗೂ ಒಂದು ಪಟ್ಟಿ ಕೊಡಬೇಕು. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಹಮಾಲಿ ಮತ್ತು ಮುಂಗಡ ಕಳೆದು ಕೈಗೆ ಬರುವುದು ಎಷ್ಟು ಅಂತ. ನಮ್ಮ ಕಡೆ ದರ ಮಾತಾಡುವುದು 75 ಕೆಜಿ ಚೀಲದ ಲೆಕ್ಕದಲ್ಲಿ. ಇಷ್ಟನ್ನೂ ಮಾಡಿ ಪ್ರಿಂಟ್ ಕೊಡುವ ಒಂದು ಎಕ್ಸೆಲ್ ಫೈಲನ್ನು ಒಬ್ಬರ ಹತ್ತಿರ ದುಡ್ಡು ಕೊಟ್ಟು ಮಾಡಿಸಿದ್ದೆವು. ನೋಡಲು ಚೆನ್ನಾಗಿತ್ತು. ಬಟನ್ ಒತ್ತಿದರೆ ಪಟ್ಟಿ ರೆಡಿ.

ತೊಂದರೆ ಇದ್ದದ್ದು ಕೊನೆಯ ಸಾಲಿನಲ್ಲಿ. ಮ್ಯಾಕ್ರೋದಲ್ಲಿ ಹಮಾಲಿಯ ಲೆಕ್ಕ ಸರಿಯಾಗೇ ಆಗುತ್ತಿತ್ತು, ಪಟ್ಟಿಯಲ್ಲೂ ಸರಿಯಾಗೇ ಅಚ್ಚಾಗುತ್ತಿತ್ತು. ಆದರೆ ಕೈಗೆ ಬರುವ ಮೊತ್ತ ಲೆಕ್ಕ ಹಾಕುವ ಸಾಲಿನಲ್ಲಿ ‘ಹಮಾಲಿ’ ಅನ್ನುವ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ‘ಎಂ’ ಎರಡು ಸಲ ಬಿದ್ದಿತ್ತು. ಮೇಲೆಲ್ಲ ಒಂದೇ ‘ಎಂ’, ಅಲ್ಲಿ ಮಾತ್ರ ಎರಡು. ಮ್ಯಾಕ್ರೋ ಗಲಾಟೆ ಮಾಡಲಿಲ್ಲ, ಎರರ್ ತೋರಿಸಲಿಲ್ಲ. ಎರಡು ‘ಎಂ’ ಇರುವ ಹೆಸರಿನಲ್ಲಿ ತಾನೇ ಹೊಸ ವೇರಿಯಬಲ್ ಒಂದನ್ನು ಮಾಡಿಕೊಂಡಿತು. ಅದರೊಳಗೆ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಲೆಕ್ಕದಲ್ಲಿ ಕಳೆದರೆ ಸೊನ್ನೆ ಕಳೆದ ಹಾಗೆ. ಚೀಲಕ್ಕೆ 20 ರೂಪಾಯಿ ಹಮಾಲಿ ಅಂತ ಇಟ್ಟುಕೊಳ್ಳಿ, 150 ಚೀಲಕ್ಕೆ 3,000 ರೂಪಾಯಿ. ಪಟ್ಟಿಯಲ್ಲಿ ಆ 3,000 ಕಾಣುತ್ತದೆ, ಮೊತ್ತದಲ್ಲಿ ಕಳೆದಿರುವುದಿಲ್ಲ. ದುಡ್ಡು ಎಣಿಸಿ ಕೊಟ್ಟು, ರೈತರು ಊರಿಗೆ ಹೋದ ಮೇಲೆ ‘ಜಾಸ್ತಿ ಕೊಟ್ಟಿದ್ದೇವೆ, ವಾಪಸ್ ಕೊಡಿ’ ಅಂತ ಯಾವ ಬಾಯಿಂದ ಕೇಳುವುದು? ವರ್ಷಗಟ್ಟಲೆ ನಮ್ಮನ್ನೇ ನಂಬಿ ಬರುವ ಜನ ಅವರು. ನಷ್ಟವನ್ನು ಅಂಗಡಿಯೇ ಹೊತ್ತುಕೊಂಡಿತು.

ಮಾಡಿಕೊಟ್ಟವರ ಕೋಡ್‌ನಲ್ಲಿ ಮೇಲ್ಗಡೆ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಅನ್ನುವ ಒಂದು ಸಾಲು ಇರಲಿಲ್ಲ. ಆ ಸಾಲು ಇದ್ದರೆ, ಡಿಕ್ಲೇರ್ ಮಾಡದ, ಅಂದರೆ ಈ ಹೆಸರು ಬಳಸುತ್ತೇನೆ ಅಂತ ಮೊದಲೇ ಬರೆದಿಡದ ಯಾವ ಹೆಸರನ್ನೂ ಎಕ್ಸೆಲ್ ಒಪ್ಪುವುದಿಲ್ಲ. ‘ವೇರಿಯಬಲ್ ನಾಟ್ ಡಿಫೈನ್ಡ್’ ಅಂತ ಹೇಳಿ, ತಪ್ಪಿದ ಹೆಸರನ್ನೇ ಗುರುತು ಮಾಡಿ ತೋರಿಸುತ್ತದೆ. ನಮ್ಮಂಥವರಿಗೆ ಇದು ಇನ್ನೂ ಮುಖ್ಯ, ಯಾಕಂದರೆ ನಾವು ಹಮಾಲಿ, ಚೀಲ, ತೂಕ, ಮುಂಗಡ ಅಂತ ಕನ್ನಡದ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇವೆ. ‘ಚೀಲ’ಕ್ಕೆ ಒಬ್ಬರು ಒಂದು ‘ಐ’ ಹಾಕುತ್ತಾರೆ, ಇನ್ನೊಬ್ಬರು ಎರಡು ‘ಇ’ ಹಾಕುತ್ತಾರೆ. ಇಂಥದೇ ಸ್ಪೆಲಿಂಗ್ ಅಂತ ಎಲ್ಲೂ ಇಲ್ಲ. ಒಂದೇ ಮ್ಯಾಕ್ರೋವನ್ನು ಇಬ್ಬರು ಮುಟ್ಟಿದರೆ ಎರಡು ಥರದ ಚೀಲ ಇದ್ದೇ ಇರುತ್ತವೆ.

ಆ ಸಾಲನ್ನು ಮಾಡ್ಯೂಲ್‌ನ ತುತ್ತತುದಿಯಲ್ಲಿ, ಮೊದಲ ಸಬ್‌ಗಿಂತ ಮೇಲೆ ಬರೆಯಬೇಕು. ಮಾಡ್ಯೂಲ್ ಅಂದರೆ ಕೋಡ್ ಬರೆಯುವ ಪುಟ, ಸಬ್ ಅಂದರೆ ಅದರಲ್ಲಿ ಒಂದು ಕೆಲಸ ಮಾಡುವ ಕೋಡಿನ ತುಂಡು. ಪ್ರತಿ ಸಲ ನೆನಪಿಟ್ಟುಕೊಳ್ಳುವುದು ಬೇಡ ಅಂದರೆ ಮ್ಯಾಕ್ರೋ ಎಡಿಟರ್‌ನ ಟೂಲ್ಸ್ ಮೆನುವಿಗೆ ಹೋಗಿ, ಆಪ್ಷನ್ಸ್‌ನಲ್ಲಿ ‘ರಿಕ್ವೈರ್ ವೇರಿಯಬಲ್ ಡಿಕ್ಲರೇಷನ್’ ಟಿಕ್ ಮಾಡಿ. ತಾನಾಗಿ ಅದು ಟಿಕ್ ಆಗಿರುವುದಿಲ್ಲ. ಇನ್ನೊಂದು ವಿಷಯ, ಇದಕ್ಕೆ ತುಂಬಾ ಜನ ಸಿಕ್ಕಿಬೀಳುತ್ತಾರೆ: ಆ ಟಿಕ್ ಕೆಲಸ ಮಾಡುವುದು ಆಮೇಲೆ ಸೇರಿಸುವ ಹೊಸ ಮಾಡ್ಯೂಲ್‌ಗಳಿಗೆ ಮಾತ್ರ. ಹಳೆಯ ಫೈಲಿನ ಹಳೆಯ ಮಾಡ್ಯೂಲ್‌ಗಳಲ್ಲಿ ಕೈಯಾರೆ ಬರೆಯಲೇಬೇಕು. ಒಂದರಲ್ಲಿ ಬರೆದರೆ ಇನ್ನೊಂದಕ್ಕೆ ತಗುಲುವುದಿಲ್ಲ, ಶೀಟ್‌ಗಳ ಹಿಂದೆ ಇರುವ ಕೋಡ್ ಪುಟಗಳಿಗೂ ಬೇರೆ ಬೇರೆ ಬರೆಯಬೇಕು.

ಬರೆದ ಮೇಲೆ ಸುಮ್ನೆ ಬಟನ್ ಒತ್ತಿ ನೋಡಿದರೆ ಸಾಲದು. ಎಕ್ಸೆಲ್ ಬೇಕಾದಷ್ಟನ್ನೇ ಬೇಕಾದಾಗ ಕಂಪೈಲ್ ಮಾಡುತ್ತದೆ, ಅಂದರೆ ಓಡಿಸಲು ಸಿದ್ಧ ಮಾಡಿ ತಪ್ಪು ನೋಡುತ್ತದೆ. ಸುಗ್ಗಿ ಮುಗಿದ ಮೇಲೆ ಮಾತ್ರ ಓಡಿಸುವ ಮ್ಯಾಕ್ರೋದೊಳಗೆ ತಪ್ಪಿದ್ದರೆ ಅದು ಅಲ್ಲೇ ಕೂತಿರುತ್ತದೆ. ಡೀಬಗ್ ಮೆನುವಿನಲ್ಲಿ ‘ಕಂಪೈಲ್’ ಒತ್ತಬೇಕು. ಒಂದು ಸಲಕ್ಕೆ ಒಂದೇ ತಪ್ಪು ತೋರಿಸುತ್ತದೆ, ತಿದ್ದಿ ಮತ್ತೆ ಒತ್ತಬೇಕು. ಎಲ್ಲ ಸರಿಹೋದ ಮೇಲೆ ಆ ‘ಕಂಪೈಲ್’ ಪದವೇ ಬೂದುಬಣ್ಣಕ್ಕೆ ತಿರುಗುತ್ತದೆ. ಹಮಾಲಿಯ ಎರಡು ‘ಎಂ’ ಸಿಕ್ಕಿದ್ದು ಹೀಗೇ. ಅದರ ಜೊತೆಗೆ ಮುಂಗಡದ ಸ್ಪೆಲಿಂಗೂ ಒಂದು ಕಡೆ ತಪ್ಪಿದ್ದು ಸಿಕ್ಕಿತು.

ಡಿಕ್ಲೇರ್ ಮಾಡುವಾಗ ಹೆಸರಿನಲ್ಲಿ ಒಂದಾದರೂ ಕ್ಯಾಪಿಟಲ್ ಅಕ್ಷರ ಇಡಿ. ಆಮೇಲೆ ಕೋಡ್‌ನಲ್ಲಿ ಎಲ್ಲವನ್ನೂ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಿ. ಎಂಟರ್ ಒತ್ತಿದ ಕೂಡಲೇ ಎಕ್ಸೆಲ್ ಆ ಹೆಸರನ್ನು ಡಿಕ್ಲೇರ್ ಮಾಡಿದ ರೂಪಕ್ಕೆ ತಿದ್ದುತ್ತದೆ. ಅಕ್ಷರ ದೊಡ್ಡದಾಗಲಿಲ್ಲ ಅಂದರೆ ಸ್ಪೆಲಿಂಗ್ ತಪ್ಪಿದೆ ಅಂತಲೇ ಅರ್ಥ. ಯಾವ ಮೆನುವಿಗೂ ಹೋಗದೆ, ಬರೆಯುತ್ತಿರುವಾಗಲೇ ಸಿಗುವ ಪಾಠ ಇದು. ಎಕ್ಸೆಲ್ ನನಗೆ ಇಷ್ಟವಾಗಿರುವುದರಲ್ಲಿ ಅರ್ಧ ಪಾಲು ಈ ಒಂದು ಗುಣಕ್ಕೆ.

ಎಕ್ಸೆಲ್‌ನಲ್ಲಿ ಬೇಸರ ತರಿಸುವುದೂ ಇದೆ. ಡಿಕ್ಲೇರ್ ಮಾಡುವುದು ‘ಡಿಮ್’ ಅನ್ನುವ ಪದದಿಂದ, ‘ಆ್ಯಸ್’ ಆದ ಮೇಲೆ ಡಬ್ಬಿಯ ಬಗೆ ಬರೆಯಬೇಕು; ‘ಲಾಂಗ್’ ಅಂದರೆ ದೊಡ್ಡ ಪೂರ್ಣಸಂಖ್ಯೆಯ ಬಗೆ. ‘ಡಿಮ್ ಚೀಲ, ತೂಕ, ಮೊತ್ತ ಆ್ಯಸ್ ಲಾಂಗ್’ ಅಂತ ಒಂದೇ ಸಾಲಿನಲ್ಲಿ ಬರೆದರೆ ಮೂರೂ ಲಾಂಗ್ ಆಗುತ್ತವೆ ಅನಿಸುತ್ತದೆ, ಅಲ್ವಾ? ಆಗುವುದು ಕೊನೆಯದೊಂದೇ. ಮೊದಲ ಎರಡು ವೇರಿಯಂಟ್ ಆಗಿ, ಏನು ಬೇಕಾದರೂ ಹಿಡಿಯುವ ಬಗೆಯಾಗಿ ಉಳಿಯುತ್ತವೆ. ಮುಂದೆ ಲಾಂಗ್ ಬೇಡುವ ಇನ್ನೊಂದು ಸಬ್‌ಗೆ ಚೀಲವನ್ನು ಕಳಿಸಿದಾಗ ‘ಬೈರೆಫ್ ಆರ್ಗ್ಯುಮೆಂಟ್ ಟೈಪ್ ಮಿಸ್‌ಮ್ಯಾಚ್’ ಅಂತ ನಿಲ್ಲುತ್ತದೆ. ತಪ್ಪು ಇರುವುದು ಡಿಮ್ ಸಾಲಿನಲ್ಲಿ, ತೋರಿಸುವುದು ಬೇರೆ ಸಾಲನ್ನು. ಒಂದು ಸಾಲಿಗೆ ಒಂದೇ ಡಿಮ್ ಬರೆಯಿರಿ, ಅಥವಾ ಪ್ರತಿ ಹೆಸರಿಗೂ ಬೇರೆ ಬೇರೆ ‘ಆ್ಯಸ್’ ಹಾಕಿ.

ಸಣ್ಣ ಪೂರ್ಣಸಂಖ್ಯೆಗಷ್ಟೇ ಜಾಗ ಇರುವ ಇಂಟಿಜರ್ ಬಗೆಯನ್ನು ಕೈಬಿಡಿ. ಅದರ ಮಿತಿ 32,767. ಚೀಲ, ಕೆಜಿ ಎರಡನ್ನೂ ಇಂಟಿಜರ್ ಮಾಡಿ ಗುಣಿಸಿದರೆ 436 ಚೀಲದವರೆಗೆ ಲೆಕ್ಕ ಬರುತ್ತದೆ, 32,700 ಕೆಜಿ. 437ನೇ ಚೀಲ ಸೇರಿದರೆ 32,775. ‘ಓವರ್‌ಫ್ಲೋ’ ಅಂತ ನಿಂತುಬಿಡುತ್ತದೆ. ಸಣ್ಣ ಪಟ್ಟಿಯಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ದೊಡ್ಡ ಜಮೀನಿನವರ ಪಟ್ಟಿ ಬಂದ ದಿನವೇ ಕೈಕೊಡುತ್ತದೆ. ಎಣಿಕೆಗೆ ಲಾಂಗ್, ದುಡ್ಡಿಗೆ ಕರೆನ್ಸಿ. ಶೀಟನ್ನೋ ರೇಂಜನ್ನೋ ವೇರಿಯಬಲ್‌ಗೆ ಕೊಡುವಾಗ ಮುಂದೆ ‘ಸೆಟ್’ ಬರೆಯಿರಿ, ಇಲ್ಲದಿದ್ದರೆ ಎರರ್ 91.

ಈಗ ಲಿಬ್ರೆಆಫೀಸ್. ಲೈಸೆನ್ಸಿಗೆ ದುಡ್ಡಿಲ್ಲ, ಅದು ಸಣ್ಣ ವಿಷಯವಲ್ಲ. ಹಳೆಯ ಫೈಲನ್ನು ಅದರಲ್ಲಿ ತೆರೆದು ನೋಡಿದೆ. ಎಕ್ಸೆಲ್ ಮ್ಯಾಕ್ರೋ ತಂದರೆ ‘ಆಪ್ಷನ್ ವಿಬಿಎ ಸಪೋರ್ಟ್ 1’ ಅನ್ನುವ ಸಾಲು ಸೇರಿಸಿಕೊಂಡು ತಕ್ಕಮಟ್ಟಿಗೆ ಓಡಿಸುತ್ತದೆ (ವಿಬಿಎ ಅಂದರೆ ಎಕ್ಸೆಲ್ ಮ್ಯಾಕ್ರೋದ ಭಾಷೆ). ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಅಲ್ಲೂ ಇದೆ, ಕೆಲಸವೂ ಅದೇ. ಅದಿಲ್ಲದಿದ್ದರೆ ತಪ್ಪಿದ ಹೆಸರು ಅಲ್ಲೂ ಸೊನ್ನೆಯೇ. ಆದರೆ ಪ್ರತಿ ಹೊಸ ಮಾಡ್ಯೂಲ್‌ನಲ್ಲೂ ಅದನ್ನು ನಾವೇ ನೆನಪಿಟ್ಟು ಬರೆಯಬೇಕು. ಬರೆಯುತ್ತಿದ್ದ ಹಾಗೇ ಅಕ್ಷರ ದೊಡ್ಡದಾಗಿ ಧೈರ್ಯ ಕೊಡುವ ಆ ಸೌಕರ್ಯ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸಿಗುವುದಿಲ್ಲ. ಲಿಬ್ರೆಆಫೀಸ್‌ನ ಸ್ವಂತ ರೀತಿಯಲ್ಲಿ ಬರೆದರೆ ಸೆಲ್‌ನ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಮೊದಲು ಕಾಲಂ, ಆಮೇಲೆ ಸಾಲು. ಎಕ್ಸೆಲ್‌ನಲ್ಲಿ ಒಂದರಿಂದ ಶುರು, ಮೊದಲು ಸಾಲು, ಆಮೇಲೆ ಕಾಲಂ. ಎರಡನ್ನೂ ಒಟ್ಟಿಗೆ ಬಳಸುವವರಿಗೆ ಇದು ತಲೆನೋವು.

ಒಂದು ವಿಷಯದಲ್ಲಿ ಲಿಬ್ರೆಆಫೀಸ್ ಎಕ್ಸೆಲ್‌ಗಿಂತ ಮುಂದೆ ಇದೆ. ಕೋಟ್‌ಗಳ ನಡುವೆ ಕನ್ನಡ ಬರೆದರೆ ಕನ್ನಡವಾಗಿಯೇ ಉಳಿಯುತ್ತದೆ. ಎಕ್ಸೆಲ್‌ನ ಮ್ಯಾಕ್ರೋ ಎಡಿಟರ್ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆಯುವ ಪದ್ಧತಿ, ಅರಿಯದ ಕಾಲದ್ದು. ಕನ್ನಡ ಅಂಟಿಸಿದರೆ ಪ್ರಶ್ನೆಚಿಹ್ನೆಗಳ ಸಾಲು ಬರುತ್ತದೆ. ಶೀಟ್‌ಗೆ ‘ಪಟ್ಟಿ’ ಅಂತ ಕನ್ನಡದಲ್ಲಿ ಹೆಸರಿಟ್ಟರೆ ಆ ಹೆಸರಿನಿಂದ ಕೋಡ್‌ನಲ್ಲಿ ಕರೆಯಲಾಗುವುದಿಲ್ಲ. ಪ್ರಾಪರ್ಟೀಸ್ ಕಿಟಕಿಯಲ್ಲಿರುವ ಕೋಡ್ ನೇಮ್ ಬಳಸಬೇಕು, ಕನ್ನಡ ಪದಗಳನ್ನು ಒಂದು ಸೆಲ್‌ನಲ್ಲಿ ಬರೆದಿಟ್ಟು ಅಲ್ಲಿಂದ ಓದಿಸಬೇಕು. ರೈತರ ಹೆಸರು, ಊರು ಎಲ್ಲ ಸೆಲ್‌ಗಳಲ್ಲೇ ಇರುವುದರಿಂದ ನನ್ನ ಕೆಲಸ ನಡೆಯುತ್ತದೆ. ಆದರೂ ಕನ್ನಡದವರಿಗೆ ಇದು ಸರಿಯಾದ ನಡವಳಿಕೆಯಲ್ಲ, ಇಷ್ಟು ವರ್ಷವಾದರೂ ತಿದ್ದದೆ ಬಿಟ್ಟಿದ್ದು ನನಗೆ ನೋವಿನ ವಿಷಯವೇ.

ಗೂಗಲ್ ಶೀಟ್ಸ್‌ನ ಆ್ಯಪ್ಸ್ ಸ್ಕ್ರಿಪ್ಟ್ ಬೇರೆಯೇ ಜಾತಿ. ಅಲ್ಲಿ ಮ್ಯಾಕ್ರೋ ಬರೆಯುವುದು ಅದರಲ್ಲೇ, ಭಾಷೆ ಜಾವಾಸ್ಕ್ರಿಪ್ಟ್. 2020ರಿಂದ ಅದರಲ್ಲಿ ವೇರಿಯಬಲ್ ಡಿಕ್ಲೇರ್ ಮಾಡಲು ‘ಲೆಟ್’, ‘ಕಾನ್ಸ್ಟ್’ ಬಳಸಬಹುದು. ನಮ್ಮ ಹಮಾಲಿಯ ತಪ್ಪನ್ನೇ ಅಲ್ಲಿ ಮಾಡಿ ನೋಡಿದೆ. ಯಾವ ಸೆಟ್ಟಿಂಗೂ ಇಲ್ಲದೆ ಹಿಡಿಯಿತು, ‘ಈಸ್ ನಾಟ್ ಡಿಫೈನ್ಡ್’ ಅಂತ ನಿಂತಿತು. ಇದಕ್ಕೆ ಮೆಚ್ಚುಗೆ ಕೊಡಲೇಬೇಕು. ಆದರೆ ಹಿಡಿಯುವುದು ಓಡುತ್ತಾ ಓಡುತ್ತಾ ಆ ಸಾಲಿಗೆ ಬಂದಾಗ. ಅಷ್ಟರಲ್ಲಿ ಪಟ್ಟಿಯ ನಂಬರ್ ಒಂದು ಏರಿರುತ್ತದೆ, ಅರ್ಧ ಸಾಲು ತುಂಬಿರುತ್ತದೆ. ಅದನ್ನು ಕೈಯಾರೆ ಅಳಿಸಬೇಕು. ಇನ್ನೊಂದು, ಓದುವಾಗ ತಪ್ಪಿದ ಹೆಸರನ್ನು ಹಿಡಿಯುತ್ತದೆ, ಬರೆಯುವಾಗ ತಪ್ಪಿದ್ದನ್ನು ಹಿಡಿಯುವುದಿಲ್ಲ. ಸಮ ಚಿಹ್ನೆಯ ಎಡಗಡೆ ಹೆಸರು ತಪ್ಪಿದರೆ ಸದ್ದಿಲ್ಲದೆ ಹೊಸ ವೇರಿಯಬಲ್ ಹುಟ್ಟುತ್ತದೆ, ನಿಜವಾದ ಮೊತ್ತ ಹಳೆಯದೇ ಉಳಿಯುತ್ತದೆ. ಫೈಲಿನ ಮೇಲ್ಗಡೆ ಕೋಟ್‌ಗಳೊಳಗೆ ‘ಯೂಸ್ ಸ್ಟ್ರಿಕ್ಟ್’ ಬರೆದರೆ ಅದೂ ನಿಲ್ಲುತ್ತದೆ.

ಅಲ್ಲಿ ವೇರಿಯಬಲ್‌ನ ಹೆಸರನ್ನೇ ಕನ್ನಡದಲ್ಲಿ ಇಡಬಹುದು. ‘ಚೀಲ’, ‘ತೂಕ’ ಅಂತ ಬರೆದ ಕೋಡ್ ನೋಡಲು ತುಂಬಾ ಖುಷಿ. ಆದರೆ ಹುಷಾರಾಗಿರಿ. ‘ರೇಟ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೀಬೋರ್ಡ್ ಕೆಲವೊಮ್ಮೆ ಕಣ್ಣಿಗೆ ಕಾಣದ ಒಂದು ಜೋಡಣೆ ಗುರುತು ಸೇರಿಸುತ್ತದೆ. ಪರದೆಯ ಮೇಲೆ ಎರಡೂ ಒಂದೇ, ಸ್ಕ್ರಿಪ್ಟ್‌ಗೆ ಎರಡು ಬೇರೆ ಹೆಸರು. ‘ದರ’ ಅಂತಿಟ್ಟರೆ ಈ ಕಾಟ ಇಲ್ಲ.

ಆ್ಯಪ್ಸ್ ಸ್ಕ್ರಿಪ್ಟ್ ಓಡಲು ನೆಟ್ ಬೇಕು. ಸುಗ್ಗಿಯಲ್ಲಿ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬಿ ರೈತರನ್ನು ಕಾಯಿಸುವುದು ನನಗೆ ಆಗದ ಮಾತು.

ಹಾಗಾಗಿ ನಮ್ಮ ಅಂಗಡಿಯಲ್ಲಿ ಎಕ್ಸೆಲ್ ಲೈಸೆನ್ಸ್ ಒಂದೇ ಕಂಪ್ಯೂಟರಿಗೆ, ಪಟ್ಟಿ ಹೊರಡುವ ಕಂಪ್ಯೂಟರಿಗೆ ತೆಗೆದುಕೊಂಡೆವು. ಎರಡನೇ ಕಂಪ್ಯೂಟರಿನಲ್ಲಿ ಲಿಬ್ರೆಆಫೀಸ್ ಇದೆ, ಹಳೆಯ ಪಟ್ಟಿ ತೆರೆದು ನೋಡಲು, ಪ್ರಿಂಟ್ ತೆಗೆಯಲು. ದಿನದ ದರ ಮಾತ್ರ ಗೂಗಲ್ ಶೀಟ್‌ನಲ್ಲಿ, ಮಾಲೀಕರು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ತಿಂಗಳಿಗೆ ನಾಲ್ಕಾರು ಪಟ್ಟಿ ಮಾಡುವ ಸಣ್ಣ ಅಂಗಡಿ ನಿಮ್ಮದಾದರೆ ಲಿಬ್ರೆಆಫೀಸ್ ಸಾಕು, ಮೇಲಿನ ಆ ಒಂದು ಸಾಲು ಮರೆಯದಿದ್ದರೆ ಆಯಿತು. ಮ್ಯಾಕ್ರೋವನ್ನು ಬೇರೆಯವರಿಂದ ಮಾಡಿಸುವುದಾದರೆ ದುಡ್ಡು ಕೊಡುವ ಮೊದಲು ಎಡಿಟರ್ ತೆರೆಸಿ. ಪ್ರತಿ ಮಾಡ್ಯೂಲ್‌ನ ತಲೆಯ ಮೇಲೆ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಇದೆಯಾ ನೋಡಿ, ನಿಮ್ಮ ಕಣ್ಣೆದುರೇ ‘ಕಂಪೈಲ್’ ಒತ್ತಿಸಿ, 500 ಚೀಲದ ಒಂದು ಪಟ್ಟಿ ತೆಗೆಸಿ, ಅದರ ಕೊನೆಯ ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿ.